ಒಳಚೀಟಿಯಲ್ಲಿ ಅವ್ವನ ಹೆಸರು

ನನ್ನ ತಂಗಿಯ ಮಗ ಆಡಿಯೋ ಕಂಪನಿಯೊಂದರ ಕಾಗದಕ್ಕೆ ಸಹಿ ಹಾಕಿದಾಗ ಅವನಿಗೆ ಇಪ್ಪತ್ತೆರಡು ಕೂಡ ತುಂಬಿರಲಿಲ್ಲ. ಕಾಗದ ಇಂಗ್ಲಿಷಿನಲ್ಲಿತ್ತು, ದಪ್ಪವಾಗಿತ್ತು. ಮುಂಗಡ ಅಂತ ಕೊಟ್ಟ ದುಡ್ಡಿನಲ್ಲಿ ತಂಗಿ ಅರಿಶಿನಕುಂಟೆಯ ಮನೆಯ ಸೋರುವ ತಾರಸಿ ರಿಪೇರಿ ಮಾಡಿಸಿದಳು. ಆ ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹುಡುಗನ ಹೆಸರನ್ನೂ, ಅವನ ಆಲ್ಬಮ್ಮಿನ ಹೆಸರನ್ನೂ ಬರೆಯುವುದಿಲ್ಲ. "ಬರಿ ಮಾಮ, ಆದ್ರೆ ನನ್ನ ಪ್ರಚಾರಕ್ಕೆ ಬರ್ದಂಗೆ ಇರಬಾರ್ದು" ಅಂದಿದ್ದಾನೆ.

ಈ ವಿಷಯ ಬರೆಯುವ ಅಧಿಕಾರ ನನಗೆ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು. ನೆಲಮಂಗಲದ ಪೇಟೆಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ನಾನು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ಹಂಸಲೇಖರ 'ಪ್ರೇಮಲೋಕ' ಬಂದು ಹೆಚ್ಚು ದಿನವಾಗಿರಲಿಲ್ಲ. 1987ರ ಆ ಕ್ಯಾಸೆಟ್ಟನ್ನು ಒಂದೇ ಮನೆಯವರು ಸವೆಸಿ ಸವೆಸಿ ಮತ್ತೆ ಕೊಳ್ಳಲು ಬರುತ್ತಿದ್ದರು. ಆಮೇಲೆ ಅಂಗಡಿ ನನ್ನದೇ ಆಯಿತು. ಸಿ. ಅಶ್ವತ್ಥರ ಷರೀಫ್ ಪದಗಳು, ಗುರುರಾಜ ಹೊಸಕೋಟೆಯವರ ಜನಪದ ಹಾಡುಗಳು, ಶಿವರಾತ್ರಿ ಬಂತೆಂದರೆ ಶಿವನ ಭಜನೆ, ಚುನಾವಣೆ ಬಂತೆಂದರೆ ಖಾಲಿ ಕ್ಯಾಸೆಟ್ಟು. ಉತ್ತರ ಕರ್ನಾಟಕದಿಂದ ಲಾರಿ ಓಡಿಸಿಕೊಂಡು ಬರುವ ಚಾಲಕರು ಗೀಗೀಪದ ಕೇಳುತ್ತಿದ್ದರು. ಅವರಿಗಾಗಿ ತರಿಸಿಟ್ಟ ಕ್ಯಾಸೆಟ್ಟುಗಳಲ್ಲೇ ಹರದೇಶಿ ನಾಗೇಶಿ ಸವಾಲು ಜವಾಬು ನಾನು ಮೊದಲು ಕೇಳಿದ್ದು. ಒಂದು ಮೇಳ ಗಂಡೇ ಹೆಚ್ಚು ಅಂತ ಹಾಡಿದರೆ, ಇನ್ನೊಂದು ಮೇಳ ಶಕ್ತಿಯೇ ಹೆಚ್ಚು ಅಂತ ಅದೇ ತಾಳದಲ್ಲಿ, ಅದೇ ಪ್ರಾಸ ಹಿಡಿದು ತಿರುಗೇಟು ಕೊಡುತ್ತಿತ್ತು. ದಪ್ಪಿನ ಪೆಟ್ಟಿಗೆ ಮಾತು ಕೂರಿಸುವ ಅವರ ಲಯ ನನ್ನನ್ನು ಹಿಡಿದು ನಿಲ್ಲಿಸಿತ್ತು. ಮುಂದೆ 1992ರಲ್ಲಿ ಬಾಬಾ ಸೆಹಗಲ್ ಅವರ 'ಠಂಡಾ ಠಂಡಾ ಪಾನಿ' ಬಂತು, 1994ರಲ್ಲಿ ಪ್ರಭುದೇವ ಕುಣಿದ 'ಪೇಟೆ ರ‍್ಯಾಪ್' ಬಂತು. ಕಾಲೇಜು ಹುಡುಗರು ಅದನ್ನು ಹೊಸದು ಅಂತ ಕುಣಿದರು. ನನಗೆ ಅದು ಹೊಸದಾಗಿ ಕೇಳಿಸಲೇ ಇಲ್ಲ.

ಎಂಪಿತ್ರೀ ಸಿಡಿ, ಆಮೇಲೆ ಮೊಬೈಲಿನ ಮೆಮೊರಿ ಕಾರ್ಡು ಬಂದು ಅಂಗಡಿ ಮುಚ್ಚಿತು. ಉಳಿದ ಸರಕನ್ನೆಲ್ಲ ಗೋಣಿಯಲ್ಲಿ ಕಟ್ಟಿ ತಂಗಿಯ ಮನೆಯ ಅಟ್ಟಕ್ಕೆ ಹಾಕಿದೆ. ಅವಳ ಮಗ ಬೆಳೆದದ್ದು ಆ ಗೋಣಿಗಳ ನಡುವೆ.

ಅರಿಶಿನಕುಂಟೆಯನ್ನು ನೋಡದವರಿಗೆ ಎರಡು ಮಾತು. ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಮಾದಾವರ, ಮಾಕಳಿ ದಾಟಿ ಬಂದರೆ ನೆಲಮಂಗಲಕ್ಕೆ ಅಂಟಿಕೊಂಡೇ ಇರುವ ಊರು. ನಾವು ಚಿಕ್ಕವರಿದ್ದಾಗ ರಾಗಿ ಹೊಲ, ಅವರೆ ಸಾಲು ಇದ್ದ ಕಡೆ ಈಗ ಗೋಡೌನು. ಪುಣೆಯ ಕಡೆಯ ಲಾರಿ, ಮಂಗಳೂರಿನ ಕಡೆಯ ಲಾರಿ ಎಲ್ಲ ನೆಲಮಂಗಲದಲ್ಲೇ ಕೂಡಿ ಕವಲೊಡೆಯಬೇಕು. ರಾತ್ರಿಯೆಲ್ಲ ಹಾರನ್ನು. ನನ್ನ ಭಾವ ಲಾರಿ ಓಡಿಸುತ್ತಿದ್ದ, ತಂಗಿ ಪೀಣ್ಯದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹುಡುಗನನ್ನು ಸಾಕಿದವಳು ನನ್ನವ್ವ. ಅವ್ವ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳನ್ನು ಅವನು ಮಾತು ಕಲಿಯುವ ಮೊದಲೇ ಕೇಳಿದ್ದ.

ರ‍್ಯಾಪ್ ಅವನಿಗೆ ಹತ್ತಿದ್ದು ಮೊಬೈಲಿನಿಂದ. ಬೆಂಗಳೂರಿನ ಬ್ರೋಧಾ ವಿ ಅವರ 'ಆತ್ಮ ರಾಮ' 2012ರಲ್ಲಿ ಬಂದಿತ್ತು, ರಾಮಭಜನೆಯ ಮೇಲೆ ಇಂಗ್ಲಿಷ್ ರ‍್ಯಾಪ್. ಆರ್ಕುಟ್ ಕಾಲದಲ್ಲಿ ಹುಡುಗರೆಲ್ಲ ಸೇರಿ ಬರೆದು ಬರೆದೇ ಜಗಳವಾಡುತ್ತಿದ್ದ ಕೂಟವೊಂದರಲ್ಲಿ ಪಳಗಿದವರು ಅವರು. ಹುಡುಗನಿಗೆ ಇಂಗ್ಲಿಷ್ ಅರ್ಧ ತಿಳಿಯುತ್ತಿರಲಿಲ್ಲ, ಆದರೆ ನಮ್ಮೂರಿನ ಭಜನೆಮನೆಯ ರಾಗ ಅದರಲ್ಲಿ ಕೇಳಿ ಮೈ ಜುಮ್ಮೆಂದಿತಂತೆ. ಆಮೇಲೆ ಆಲ್ ಓಕೆ ಎಂಬ ಹೆಸರಿನ ಅಲೋಕ್ ಅವರನ್ನು ಕೇಳಿದ. ಅವರು ಕನ್ನಡದಲ್ಲಿ ಬರೆದು, ತಮ್ಮದೇ ಯೂಟ್ಯೂಬ್ ಚಾನೆಲ್ಲಿನಲ್ಲಿ ಹಾಕಿ ನಾಡಿನ ಮೂಲೆಮೂಲೆಗೂ ಮುಟ್ಟಿದವರು. ರಾಹುಲ್ ಡಿಟ್ಟೊ, ಎಂಸಿ ಬಿಜ್ಜು ಅವರ ಹಾಡುಗಳಲ್ಲಿ ಬೀದಿಯ ಕನ್ನಡ ಬೀದಿಯಲ್ಲಿರುವ ಹಾಗೇ ಕೇಳಿತು. ಇನ್ನು ಚಂದನ್ ಶೆಟ್ಟಿಯವರ '3 ಪೆಗ್' ನಮ್ಮ ಸುತ್ತಿನ ಮದುವೆ ಮೆರವಣಿಗೆಗಳಿಗೂ ಬಂದುಬಿಟ್ಟಿತ್ತು. ಅರ್ಜುನ್ ಜನ್ಯ ಅವರ ಬಳಿ ಕೆಲಸ ಕಲಿತು, ಒಂಟಿಯಾಗಿ ಹಾಡು ಬಿಟ್ಟು, 2018ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದ ಶೆಟ್ಟರ ದಾರಿ ಊರಿನ ಹುಡುಗರಿಗೆಲ್ಲ ತಮ್ಮ ದಾರಿಯಂತೆ ಕಂಡಿತು.

ಕಂಪನಿಯವರಿಗೂ ಅದೇ ಕಂಡಿತೋ ಏನೋ. ಅವನಿಂದ ಅವರು ಕೇಳಿದ್ದು ಕುಡಿತದ ಹಾಡು, ಹುಡುಗಿ ಕೈಕೊಟ್ಟ ಹಾಡು, ಮತ್ತೆ ಕುಡಿತದ ಹಾಡು. ಅವನು ಬರೆದಿದ್ದ "ಓಯ್ತೀನಿ", "ಬತ್ತೀನಿ", "ಎಂಗೈತೆ" ಎಲ್ಲವನ್ನೂ ತಿದ್ದಿ "ಹೋಗ್ತೀನಿ", "ಬರ್ತೀನಿ", "ಹೇಗಿದೆ" ಮಾಡಿದರು. ಹಳ್ಳಿ ಭಾಷೆ ತಮಾಷೆಯ ಹಾಡಿಗೆ ಮಾತ್ರ ಹೊಂದುತ್ತದೆ ಅಂದರಂತೆ. ಈ ಮಾತು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ನನ್ನವ್ವ ಸಾವು ಹೇಳಿದ್ದೂ, ಸಾಲ ಹೇಳಿದ್ದೂ, ದೇವರನ್ನು ಬೈದದ್ದೂ ಅದೇ ಭಾಷೆಯಲ್ಲಿ.

ಒಂದು ಹಾಡಿಗೆ ತಮಟೆ ಬೇಕಾಯಿತು. ನಮ್ಮ ಪಕ್ಕದ ಕೇರಿಯ ಹಿರಿಯರೊಬ್ಬರನ್ನು ಹುಡುಗನೇ ಸ್ಟುಡಿಯೋಗೆ ಕರೆದುಕೊಂಡು ಹೋದ. ಅವರು ಬಾರಿಸಿದರು, ಬಸ್ಸಿನ ಖರ್ಚಿನ ಜೊತೆ ಸ್ವಲ್ಪ ಹಣ ಕೊಟ್ಟರು. ಹಾಡು ಬಂದಾಗ ಸಂಗೀತ, ಸಾಹಿತ್ಯ, ನಿರ್ಮಾಣ, ಡಿಸೈನು, ಎಲ್ಲರ ಹೆಸರೂ ಇತ್ತು, ತಮಟೆಯವರ ಹೆಸರಿರಲಿಲ್ಲ. ಹುಡುಗ ಕೇಳಿದ್ದಕ್ಕೆ ಅಂಥ ಪದ್ಧತಿ ಇಲ್ಲ ಅಂದರು. ಆ ಹಿರಿಯರು ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದದ್ದೇ ಇವನನ್ನು ಕೊರೆಯತೊಡಗಿತು. ಅವಧಿ ಮುಗಿದಾಗ ಮುಂದುವರಿಸುವ ಕಾಗದಕ್ಕೆ ಅವನು ಸಹಿ ಹಾಕಲಿಲ್ಲ.

ನೆಲಮಂಗಲದ ವಕೀಲರೊಬ್ಬರ ಮುಂದೆ ನಾವಿಬ್ಬರೂ ಆ ಹಳೆಯ ಕಾಗದ ಹಿಡಿದು ಕೂತೆವು. ಅಂಗಡಿ ನಡೆಸಿದ ಅಷ್ಟು ವರ್ಷ ನಾನು ಮಾರಿದ ಸರಕಿನ ಕಾನೂನು ಏನೆಂಬುದು ಅಲ್ಲಿ ತಿಳಿಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಒಡೆಯ ಅದನ್ನು ಮಾಡಿಸಿದ ನಿರ್ಮಾಪಕ, ಆ ಒಡೆತನ ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದರೆ ಇಪ್ಪತ್ತೆರಡರ ಪ್ರಾಯದಲ್ಲಿ ಇವನ ಗಂಟಲಿನಿಂದ ಹೊರಟ ಹಾಡು, ಇವನಿಗೆ ಎಂಬತ್ತು ದಾಟುವವರೆಗೆ ಇವನದಲ್ಲ. ಅದಕ್ಕೇನೂ ಮಾಡುವಂತಿರಲಿಲ್ಲ. ಆದರೆ ಒಂದು ಬಾಗಿಲು ತೆರೆದಿತ್ತು. 2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿಯಂತೆ, ಹಾಡು ಬರೆದವನು ಮತ್ತು ರಾಗ ಹಾಕಿದವನು ರಾಯಧನದ ತಮ್ಮ ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದೇ ಇಲ್ಲ. ಕಾಗದದಲ್ಲಿ ಏನೇ ಬರೆಸಿಕೊಂಡಿದ್ದರೂ ಆ ಪಾಲು ಬರೆದವನದೇ. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ನಿಂತು ಇದಕ್ಕಾಗಿ ವಾದಿಸಿದ್ದರು ಅಂತ ವಕೀಲರು ಹೇಳಿದರು. ಆ ಪಾಲನ್ನು ವಸೂಲು ಮಾಡಿ ಹಂಚುವ ಐಪಿಆರ್‌ಎಸ್ ಎಂಬ ಸಂಸ್ಥೆ 1969ರಿಂದ ಇದೆ, 2017ರ ನವೆಂಬರಿನಲ್ಲಿ ಕೃತಿಸ್ವಾಮ್ಯ ಸೊಸೈಟಿಯಾಗಿ ಮತ್ತೆ ನೋಂದಣಿಯಾಗಿದೆ. ಹುಡುಗ ಅದರ ಸದಸ್ಯನಾದ. ಇನ್ನೊಂದು ವಿಚಾರವನ್ನೂ ಬರೆದಿಟ್ಟುಕೊಂಡೆ: ಹಕ್ಕು ಬರೆದುಕೊಡುವ ಕಾಗದದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕಷ್ಟೇ, ಜಾಗ ಹೇಳದಿದ್ದರೆ ಭಾರತಕ್ಕಷ್ಟೇ. 19ನೇ ಸೆಕ್ಷನ್.

ವಕೀಲರ ಮನೆಯಿಂದ ನಡೆದು ಬರುವಾಗ ಅವನು ಹೇಳಿದ, "ಮಾಮ, ಇನ್ಮೇಲೆ ಹಾಡು ನಂದಾಗ್ಬೇಕು. ನಂದಾದ್ರೆ ತಾನೆ ಪಾಲು ಕೊಡಕ್ಕಾಗದು?"

ಈ ಎರಡನೆಯ ವಾಕ್ಯಕ್ಕಾಗಿಯೇ ನಾನು ಇದನ್ನು ಬರೆಯಲು ಕೂತದ್ದು.

ಹೀಗೆ ತನ್ನದೇ ಅಂತ ಅವನು ಮಾಡಹೊರಟ ಆಲ್ಬಮ್ಮಿನ ಕೆಲಸ ನಡೆದದ್ದು ತಂಗಿಯ ಮನೆಯ ಹಿಂಭಾಗದ ಕೋಣೆಯಲ್ಲಿ. ಹಳೆಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಕಿಟಕಿಗೆ ಕಂಬಳಿ ಹೊಡೆದು, ಸೆಕೆಂಡ್‌ಹ್ಯಾಂಡ್ ಮೈಕು, ಒಂದು ಸಣ್ಣ ಇಂಟರ್‌ಫೇಸು, ಸ್ನೇಹಿತನ ಲ್ಯಾಪ್‌ಟಾಪು. ಹಗಲು ಗೋಡೌನಿನಲ್ಲಿ ಸ್ಕ್ಯಾನಿಂಗ್ ಕೆಲಸಕ್ಕೆ ಹೋಗುತ್ತಿದ್ದ. ರಾತ್ರಿ ಲಾರಿಗಳ ಸದ್ದು ತುಸು ತಗ್ಗುವ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಕರೆಂಟು ಹೋದರೆ ಅಂದಿನ ಕೆಲಸ ಅಲ್ಲಿಗೇ ನಿಂತಿತು.

ಹಾಡುಗಳೆಲ್ಲ ನಮ್ಮ ರಸ್ತೆಯ ಮೇಲಿನವು. ಒಂದು ಹಾಡು ಪೀಣ್ಯ ಮೇಲ್ಸೇತುವೆಯದು. 2021ರ ಡಿಸೆಂಬರಿನಲ್ಲಿ ಸೇತುವೆಯ ಕೇಬಲ್ಲು ಕೆಟ್ಟಿದೆ ಅಂತ ಮುಚ್ಚಿ, ಮುಂದಿನ ಫೆಬ್ರವರಿಯಲ್ಲಿ ಕಾರು ಬೈಕುಗಳಿಗೆ ಮಾತ್ರ ತೆರೆದರು. ಬಸ್ಸಿಗೂ ಲಾರಿಗೂ 2024ರವರೆಗೆ ಕೆಳಗಿನ ರಸ್ತೆಯೇ ಗತಿ. ಕಾರಿನವರು ಮೇಲೆ, ಗಾರ್ಮೆಂಟ್ಸಿನ ಹೆಂಗಸರು ಕೆಳಗೆ. ತಂಗಿ ಮನೆಗೆ ಬರುವುದು ದಿನಾ ತಡವಾಗತೊಡಗಿತು. ಆ ಹಾಡಿನಲ್ಲಿ ಲಯ ಮೊದಲು ಚುರುಕಾಗಿ ಹೊರಟು, ದಾಸರಹಳ್ಳಿ ಬರುವ ಹೊತ್ತಿಗೆ ನಿಧಾನವಾಗಿ, ಎಂಟನೇ ಮೈಲಿಯಲ್ಲಿ ಪೂರ್ತಿ ನಿಂತೇಬಿಡುತ್ತದೆ. ನಿಂತ ಕಡೆ ತಂಗಿಯ ಮಾತು ಬರುತ್ತದೆ, ಫೋನಿನಲ್ಲಿ ಮಗನಿಗೆ ಅನ್ನಕ್ಕಿಡಲು ಹೇಳುವುದು, ಅಷ್ಟೇ. ಪ್ರತಿಭಟನೆಯ ಒಂದು ಮಾತೂ ಇಲ್ಲದೆ ಅಷ್ಟು ಸಿಟ್ಟಿನ ಹಾಡನ್ನು ನಾನು ಬೇರೆ ಕೇಳಿಲ್ಲ. ಇನ್ನೊಂದು ಹಾಡು ಭಾವನ ಲಾರಿಯದು. ಮತ್ತೊಂದು, ಹೊಲ ಮಾರಿದ ದುಡ್ಡಿನಲ್ಲಿ ಕಾರು ಕೊಂಡು, ಕಾರು ಮಾರಿ ಬೈಕು ಕೊಂಡು, ಕೊನೆಗೆ ತನ್ನದೇ ಹೊಲದ ಗೋಡೌನಿನ ಗೇಟಿನಲ್ಲಿ ಸೆಕ್ಯುರಿಟಿಯಾಗಿ ನಿಂತವನದು. ಅಂಥವರನ್ನು ನಮ್ಮ ಸೀಮೆಯಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ.

ತಮಟೆಯ ಹಿರಿಯರನ್ನು ಅವನು ಮತ್ತೆ ಕರೆದ. ಈ ಸಲ ಅವರು ಹೇಳಿದ ಹಾಗೆ ನಡೆಯಿತು. ಕೋಣೆಯೊಳಗೆ ಬಾರಿಸಿದರೆ ತಮಟೆಗೆ ಉಸಿರು ಕಟ್ಟುತ್ತದೆ ಅಂದರು, ಹಾಗಾಗಿ ಮೈಕು ತಾರಸಿಗೆ ಹೋಯಿತು. ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿದರು, ಬೆರಳಿನಿಂದ ತಟ್ಟಿ ನೋಡಿದರು, ಇನ್ನೂ ಕಾಯಿಸಿದರು. ಚರ್ಮ ಬಿಗಿಯಾದಂತೆ ಸದ್ದು ಮೇಲೇರುತ್ತದೆ, ತಣ್ಣಗಾದಂತೆ ಇಳಿಯುತ್ತದೆ. ಆದ್ದರಿಂದ ಕಾದಿರುವಷ್ಟು ಹೊತ್ತೇ ರೆಕಾರ್ಡಿಂಗು. ಕಂಪ್ಯೂಟರಿನ ತಾಳಕ್ಕೆ ಇವರು ಬಾರಿಸಲಿಲ್ಲ, ಇವರ ಪೆಟ್ಟಿಗೆ ಹುಡುಗ ಕಂಪ್ಯೂಟರನ್ನು ಹೊಂದಿಸಿದ. ಹಿಂದೆ ಲಾರಿಯ ಹಾರನ್ನು ಬಿದ್ದಿದೆ, ತೆಗೆದಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಈ ಹಿರಿಯರು ಪೇಪರು ಕತ್ತರಿಸಿ ಮನೆಯಲ್ಲಿ ಅಂಟಿಸಿದ್ದರು.

ಕೊನೆಗೆ ಅವ್ವ. ಬೀಸುವ ಕಲ್ಲು ಅಟ್ಟ ಸೇರಿ ಎಷ್ಟೋ ಕಾಲವಾಗಿತ್ತು, ಇಳಿಸಿದೆವು. ಅವ್ವನಿಗೆ ಕಲ್ಲು ತಿರುಗಿಸುವ ಶಕ್ತಿ ಇರಲಿಲ್ಲ, ನಾನು ತಿರುಗಿಸಿದೆ, ಅವಳು ಹಾಡಿದಳು. ಕಲ್ಲು ತಿರುಗದೆ ಅವಳಿಗೆ ಪದ ಬರುತ್ತಲೇ ಇರಲಿಲ್ಲ. ಮೈಕಿನ ಮುಂದೆ ಮೊದಲಿಗೆ ಗಂಟಲು ಸರಿಪಡಿಸಿಕೊಂಡು ಟೀವಿಯವರ ಹಾಗೆ ಹಾಡಲು ಹೋದಳು. ಹುಡುಗ, "ಅಜ್ಜಿ, ರಾಗಿ ಮುಗೀತಾ ಬಂತು, ಬೇಗ ಬೀಸು" ಅಂದ. ಆಗ ಅವಳ ನಿಜವಾದ ದನಿ ಹೊರಟಿತು. ಕಲ್ಲಿನ ಗರಗರವೇ ಆ ಹಾಡಿನ ತಾಳ, ಅದರ ಮೇಲೆ ಅವ್ವನ ಒಂದು ಸೊಲ್ಲು, ಅದಕ್ಕೆ ಮೊಮ್ಮಗನ ಉತ್ತರ, ಮತ್ತೆ ಅವಳ ಸೊಲ್ಲು. ನಾನು ಅಂಗಡಿಯಲ್ಲಿ ಕೇಳಿದ್ದ ಸವಾಲು ಜವಾಬೇ.

ಆ ಪದ ಯಾರು ಕಟ್ಟಿದ್ದೋ ಯಾರಿಗೂ ತಿಳಿಯದು. ಆದರೆ ಕಂಠ ಅವಳದು, ಹಾಡಿದವರಿಗೂ ಕಾಯ್ದೆಯಲ್ಲಿ 50 ವರ್ಷದ ಹಕ್ಕಿದೆ. ಹುಡುಗ ಪ್ರತಿಯೊಬ್ಬರಿಗೂ ಒಂದೊಂದು ಪುಟದ ಕರಾರು ಬರೆದ, ಕನ್ನಡದಲ್ಲಿ. ಯಾವ ಹಾಡು, ಯಾರ ಕೆಲಸ ಏನು, ಬಂದ ಹಣದಲ್ಲಿ ಯಾರಿಗೆ ನೂರಕ್ಕೆ ಎಷ್ಟು. ತಮಟೆಯವರಿಗೆ, ಬೀಟು ಕೂರಿಸಿದ ಸ್ನೇಹಿತನಿಗೆ, ಕೀಬೋರ್ಡಿನ ಹುಡುಗಿಗೆ, ಅವನ ತಾಯಿಗೆ, ಅಜ್ಜಿಗೆ. ಪ್ರತಿ ಕರಾರನ್ನೂ ಜೋರಾಗಿ ಓದಿ ಹೇಳಿ ಸಹಿ ಪಡೆದ. ಅವ್ವ ಹೆಬ್ಬೆಟ್ಟು ಒತ್ತಿದಳು. "ಸಾಲದ್ದಲ್ಲ ತಾನೆ?" ಅಂತ ಕೇಳಿ ಒತ್ತಿದಳು.

ಅಮೆರಿಕದ ನಿಪ್ಸಿ ಹಸಲ್ ಎಂಬ ರ‍್ಯಾಪರ್‌ನ ಕಥೆಯನ್ನು ಅವನು ನನಗೆ ಹೇಳಿದ್ದು ಈ ದಿನಗಳಲ್ಲೇ. ಲಾಸ್ ಏಂಜಲೀಸಿನ ಕ್ರೆನ್ಶಾ ಎಂಬ ಬಡಾವಣೆಯವನು. ದೊಡ್ಡ ಕಂಪನಿಯೊಂದನ್ನು ಬಿಟ್ಟು ಬಂದು, 2013ರ ಅಕ್ಟೋಬರಿನಲ್ಲಿ ತನ್ನ ಬಡಾವಣೆಯ ಹೆಸರನ್ನೇ ಇಟ್ಟು ಹಾಡುಗಳ ಗುಚ್ಛ ಹೊರತಂದ. ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಪುಕ್ಕಟೆ. ಆದರೆ ಕೈಯಲ್ಲಿ ಹಿಡಿಯುವ ಪ್ರತಿ ಬೇಕೆಂದರೆ 100 ಡಾಲರ್, ಅದೂ 1000 ಪ್ರತಿ ಮಾತ್ರ. ಹೆಸರಾಂತ ರ‍್ಯಾಪರ್ ಜೇ ಜೀ ಒಬ್ಬರೇ 100 ಪ್ರತಿ ಕೊಂಡರು. ಗಳಿಸಿದ್ದನ್ನು ತನ್ನ ಬೀದಿಯಲ್ಲೇ ಅಂಗಡಿ, ಜಾಗ ಅಂತ ಹೂಡುತ್ತ ಹೋದ. 2019ರ ಮಾರ್ಚ್ 31ರಂದು ಅದೇ ಬೀದಿಯ ತನ್ನ ಅಂಗಡಿಯ ಎದುರೇ ಗುಂಡೇಟಿಗೆ ಬಲಿಯಾದ.

"ನಾವೂ ಕೈಯಲ್ಲಿ ಹಿಡಿಯೋ ಅಂಥದ್ದು ಒಂದು ಮಾಡಣ ಮಾಮ" ಅಂದ. ಕ್ಯಾಸೆಟ್ಟು ಹಾಕಿ ಕೇಳಲು ಯಾರ ಮನೆಯಲ್ಲೂ ಯಂತ್ರವಿಲ್ಲ. ಆದರೆ ಕ್ಯಾಸೆಟ್ಟಿನ ಒಳಚೀಟಿ? ಅದು ನನ್ನ ಕಸುಬು. ಅಟ್ಟದ ಗೋಣಿ ಇಳಿಸಿ ಹಳೆಯ ಒಳಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ನೋಡಿದೆವು. ಗಾಯಕರು, ಸಂಗೀತ ನಿರ್ದೇಶಕರು, ನಟ ನಟಿಯರ ಚಿತ್ರ, ಕಂಪನಿಯ ವಿಳಾಸ. ನುಡಿಸಿದವರ ಹೆಸರು ಹುಡುಕಿದರೂ ಸಿಕ್ಕದ ಚೀಟಿಗಳೇ ಹೆಚ್ಚು. ಇಷ್ಟು ಕೊಳಲು, ಇಷ್ಟು ತಬಲ, ಇಷ್ಟು ಕೋರಸ್ ನಾನು ಮಾರಿದ್ದೆ, ಹೆಸರಿಲ್ಲದೆ.

ನಾವು ಮಡಚುವ ಒಳಚೀಟಿ ಮಾಡಿಸಿದೆವು. ಒಂದು ಮಗ್ಗುಲಲ್ಲಿ ಹಾಡುಗಳ ಪೂರ್ತಿ ಸಾಹಿತ್ಯ, ಆಡುವ ಹಾಗೇ ಬರೆದ ಕನ್ನಡದಲ್ಲಿ. ಇನ್ನೊಂದು ಮಗ್ಗುಲಲ್ಲಿ ಹೆಸರುಗಳು: ತಮಟೆ, ಬೀಟು, ಕೀಬೋರ್ಡು, ಮಾತು, ಕಂಬಳಿ ಕೊಟ್ಟವರು ಕೂಡ. ಮೂಲೆಯಲ್ಲಿ ಹಾಡು ತೆರೆದುಕೊಳ್ಳುವ ಕ್ಯೂಆರ್ ಕೋಡು. ಬೆಲೆ 100 ರೂಪಾಯಿ. ಅವ್ವನ ಹೆಸರು ಅಚ್ಚಿನಲ್ಲಿ ಬಂದದ್ದು ರೇಷನ್ ಕಾರ್ಡು, ಆಧಾರ್, ವೋಟರ್ ಪಟ್ಟಿ ಬಿಟ್ಟರೆ ಅಲ್ಲಿಯೇ. "ಹಾಡಿದವರು" ಅಂತ ಬರೆದು ಮುಂದೆ ಅವಳ ಹೆಸರು. ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು.

2023ರ ಯುಗಾದಿಗೆ ಆಲ್ಬಮ್ ಬಂತು. ದೊಡ್ಡ ಸುದ್ದಿಯೇನೂ ಆಗಲಿಲ್ಲ. ಕಂಪನಿಯಲ್ಲಿದ್ದಾಗ ಬಂದ ಅವನ ಕುಡಿತದ ಹಾಡೊಂದನ್ನು ಕೇಳಿದವರ ಸಂಖ್ಯೆಯ ಹತ್ತಿರಕ್ಕೂ ಇದು ಹೋಗಿಲ್ಲ. ಸ್ಟ್ರೀಮಿಂಗಿನಿಂದ ಬಂದ ಹಣ ಬಹಳ ಕಡಿಮೆ. 2024ರಿಂದ ಸ್ಪಾಟಿಫೈನವರು ವರ್ಷಕ್ಕೆ 1000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಏನೂ ಕೊಡುವುದಿಲ್ಲ ಅನ್ನುವ ನಿಯಮ ತಂದರು, ಅದರಿಂದ ಸಣ್ಣವರ ಹಾಡುಗಳಿಗೇ ಪೆಟ್ಟು. ಸೇತುವೆಯ ಹಾಡು ಮತ್ತು ಅವ್ವನ ಹಾಡು ಆ ಗೆರೆ ದಾಟಿವೆ, ಉಳಿದವು ದಾಟಿಲ್ಲ. ಒಳಚೀಟಿ ಮಾತ್ರ ನೆಲಮಂಗಲದ ಕಾಲೇಜಿನ ಹುಡುಗರು, ಗಾರ್ಮೆಂಟ್ಸಿನ ಹೆಂಗಸರು, ಲಾರಿಯವರು ಕೊಂಡು ಮುಗಿಸಿದರು, ಮತ್ತೆ ಅಚ್ಚು ಹಾಕಿಸಿದೆವು. ಹಣ ಬಂದಾಗಲೆಲ್ಲ ಅವನು ಪಾಲು ಲೆಕ್ಕ ಹಾಕಿ ಎಲ್ಲರಿಗೂ ಫೋನಿನಲ್ಲೇ ಕಳಿಸುತ್ತಾನೆ, ಚಿಲ್ಲರೆಯಾದರೂ ಸರಿ. ತಮಟೆಯ ಹಿರಿಯರಿಗೆ ಈಗ ಬೇರೆ ಹುಡುಗರಿಂದಲೂ ಕರೆ ಬರುತ್ತದೆ. ಅವರು ಮೊದಲು ಕೇಳುವುದು, "ಹೆಸರು ಆಕ್ತೀರಾ?"

ಕನ್ನಡದಲ್ಲಿ ಇವತ್ತು ರ‍್ಯಾಪ್ ಬರೆಯುವ ಮಕ್ಕಳು ಊರೂರಲ್ಲಿ ಇದ್ದಾರೆ. ಅವರಿಗೆ ನನ್ನದೊಂದು ಮಾತು. ಕಂಪನಿಗೆ ಹೋಗಬೇಡಿ ಅನ್ನುವುದಿಲ್ಲ. ಹೋಗುವ ಮೊದಲು ಕಾಗದವನ್ನು ನಿಮ್ಮ ಭಾಷೆಯಲ್ಲಿ ಓದಿಸಿಕೊಳ್ಳಿ, ಅವಧಿ ಎಷ್ಟು ಅಂತ ಬರೆಸಿ, ನಿಮ್ಮ ಹಾಡಿನಲ್ಲಿ ನುಡಿಸಿದವರ ಹೆಸರನ್ನು ಕೇಳಿ ಹಾಕಿಸಿ. ಕೇಳುವ ನಮಗೂ ಒಂದು ಕೆಲಸವಿದೆ. ಹಾಡು ಇಷ್ಟವಾದರೆ ಅದೊಂದನ್ನೇ ಕೇಳಿ ಬಿಡದೆ, ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ. ಆಮೇಲೆ ಹೆಸರುಗಳ ಪಟ್ಟಿ ತೆರೆದು, ಯಾರು ಯಾರು ನುಡಿಸಿದ್ದಾರೆ ಅಂತ ಓದಿ.